ಮ್ಯಾನೇಜರ್ ಹೋದ ಮೇಲೆ ಕ್ಲಬ್ಬಿನಲ್ಲಿ ಉಳಿಯುವುದೇನು?

2013ರ ಮೇ ತಿಂಗಳಲ್ಲಿ ಮುಗಿದ ಸೀಸನ್ನಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ 89 ಅಂಕ ಗಳಿಸಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಎರಡನೆಯ ಸ್ಥಾನದಲ್ಲಿದ್ದ ಮ್ಯಾಂಚೆಸ್ಟರ್ ಸಿಟಿಗಿಂತ ಅದು 11 ಅಂಕ ಮುಂದಿತ್ತು. ಮರುವರ್ಷ ಹೆಚ್ಚುಕಡಿಮೆ ಅದೇ ಆಟಗಾರರ ತಂಡ 64 ಅಂಕಗಳೊಂದಿಗೆ ಏಳನೆಯ ಸ್ಥಾನಕ್ಕೆ ಕುಸಿಯಿತು. ಕ್ಲಬ್ಬಿನ ಹಣಬಲ ಕುಗ್ಗಿರಲಿಲ್ಲ, ಅಭಿಮಾನಿಗಳೂ ದೂರವಾಗಿರಲಿಲ್ಲ. ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ ನಿವೃತ್ತರಾಗಿ, ಎವರ್ಟನ್ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ದುಡಿದಿದ್ದ ಡೇವಿಡ್ ಮೋಯೆಸ್ ಆ ಜಾಗಕ್ಕೆ ಬಂದಿದ್ದರು. ಒಬ್ಬ ವ್ಯಕ್ತಿ ಎದ್ದು ಹೋದ ಮಾತ್ರಕ್ಕೆ 25 ಅಂಕಗಳು ಕರಗಿಹೋಗುವುದು ಹೇಗೆ ಎಂದು ಕೇಳಿದರೆ, ಫರ್ಗ್ಯುಸನ್ ಅಸಾಮಾನ್ಯ ಪ್ರತಿಭಾವಂತರು, ಮೋಯೆಸ್ ಆ ಎತ್ತರದವರಲ್ಲ ಎಂಬ ಉತ್ತರ ಥಟ್ಟನೆ ಸಿಗುತ್ತದೆ. ಆ ಉತ್ತರ ಸುಳ್ಳಲ್ಲವಾದರೂ ಅಪೂರ್ಣ. ಒಂದು ಕ್ಲಬ್ ತಾನು ಕಲಿತದ್ದನ್ನೆಲ್ಲ ಎಲ್ಲಿ ಕೂಡಿಟ್ಟುಕೊಂಡಿದೆ, ಒಬ್ಬರ ತಲೆಯಲ್ಲೋ ಅಥವಾ ಹಲವರು ನಡೆಸುವ ವ್ಯವಸ್ಥೆಯಲ್ಲೋ ಎಂಬುದರ ಮೇಲೆ ಉತ್ತರಾಧಿಕಾರದ ಗತಿ ನಿಂತಿರುತ್ತದೆ ಎಂಬುದು ನನ್ನ ತಿಳಿವಳಿಕೆ. ಫುಟ್‌ಬಾಲ್ ಕ್ಲಬ್ಬುಗಳ ದೀರ್ಘಾವಧಿ ಯೋಜನೆ ಎಂಬ ಮಾತಿಗೆ ಅರ್ಥ ಬರುವುದು ಈ ಪ್ರಶ್ನೆಯನ್ನು ಕೇಳಿಕೊಂಡಾಗ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಂಗ್ಲಿಷ್ ಫುಟ್‌ಬಾಲಿನ 'ಮ್ಯಾನೇಜರ್' ಎಂಬ ಹುದ್ದೆಯ ವ್ಯಾಪ್ತಿ ಸುಲಭಕ್ಕೆ ಅಂದಾಜಾಗುವುದಿಲ್ಲ. ಕ್ರಿಕೆಟ್ಟಿನಲ್ಲಿ ಆಯ್ಕೆ ಸಮಿತಿ ಬೇರೆ, ಕೋಚ್ ಬೇರೆ, ಮೈದಾನದಲ್ಲಿ ನಿರ್ಧಾರ ತೆಗೆದುಕೊಳ್ಳುವ ನಾಯಕ ಬೇರೆ. ಇಂಗ್ಲೆಂಡಿನ ಹಳೆಯ ಪದ್ಧತಿಯ ಮ್ಯಾನೇಜರ್ ಈ ಮೂರೂ ಕೆಲಸಗಳ ಜೊತೆಗೆ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರ ಒಪ್ಪಂದವನ್ನು ಎಷ್ಟು ವರ್ಷ ಮುಂದುವರಿಸಬೇಕು, ಹದಿನಾರರ ಹುಡುಗರಲ್ಲಿ ಯಾರಿಗೆ ಭವಿಷ್ಯವಿದೆ ಎಂಬುದನ್ನೆಲ್ಲ ತಾನೇ ತೀರ್ಮಾನಿಸುತ್ತಿದ್ದರು. ಫರ್ಗ್ಯುಸನ್ ಆ ಪರಂಪರೆಯ ಕೊನೆಯ ದೊಡ್ಡ ಪ್ರತಿನಿಧಿ. ಅವರ ಕಾಲದಲ್ಲಿ ಯುನೈಟೆಡ್‌ನಲ್ಲಿ ಯೋಜನೆಯೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಯೋಜನೆ ಇತ್ತು, ಆದರೆ ಅದು ಅವರೊಳಗೆ ಇತ್ತು. ತಂಡವನ್ನು ಮೂರು ನಾಲ್ಕು ಬಾರಿ ಕಳಚಿ ಮತ್ತೆ ಕಟ್ಟಿದ ಮನುಷ್ಯನಿಗೆ ಮುಂದಾಲೋಚನೆ ಇಲ್ಲದಿರಲು ಸಾಧ್ಯವಿಲ್ಲ. ಅವರು ಹೊರಟಾಗ ಆ ಆಲೋಚನೆಯೂ ಅವರ ಜೊತೆಯಲ್ಲೇ ಹೊರಟಿತು.

ಹೊರಟವರು ಅವರೊಬ್ಬರೇ ಆಗಿರಲಿಲ್ಲ. ವರ್ಗಾವಣೆಯ ಮಾತುಕತೆಗಳನ್ನು ವರ್ಷಗಟ್ಟಲೆ ನಡೆಸಿದ್ದ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಅದೇ ಬೇಸಿಗೆಯಲ್ಲಿ ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದ ಎಡ್ ವುಡ್‌ವರ್ಡ್ ಅವರಿಗೆ ಆಟಗಾರರನ್ನು ಕೊಳ್ಳುವ ಮಾರುಕಟ್ಟೆ ಹೊಸದು. ಮೋಯೆಸ್ ತಮ್ಮ ನಂಬಿಕೆಯ ಸಹಾಯಕರನ್ನು ಎವರ್ಟನ್ನಿನಿಂದ ಕರೆತಂದರು. ಫರ್ಗ್ಯುಸನ್ ಅವರ ಸಹಾಯಕರಾಗಿದ್ದ ಮೈಕ್ ಫೆಲನ್, ರೆನೆ ಮ್ಯುಲೆನ್‌ಸ್ಟೀನ್, ಗೋಲ್‌ಕೀಪರ್‌ಗಳ ಕೋಚ್ ಎರಿಕ್ ಸ್ಟೀಲ್ ಕ್ಲಬ್ ತೊರೆದರು. ಹೀಗೆ ಕೆಲವೇ ವಾರಗಳಲ್ಲಿ ಯೋಜಿಸುತ್ತಿದ್ದವರು, ಹಣದ ಮಾತು ನಡೆಸುತ್ತಿದ್ದವರು, ಪ್ರತಿದಿನ ಅಭ್ಯಾಸ ಮಾಡಿಸುತ್ತಿದ್ದವರು ಮೂವರೂ ಇಲ್ಲವಾದರು. ಇದರ ಪರಿಣಾಮ ಆ ಬೇಸಿಗೆಯ ಒಂದೇ ವ್ಯವಹಾರದಲ್ಲಿ ಕಾಣುತ್ತದೆ. ಎವರ್ಟನ್ನಿನ ಮಿಡ್‌ಫೀಲ್ಡರ್ ಮಾರೂವಾನ್ ಫೆಲ್ಲೈನಿ ಅವರ ಒಪ್ಪಂದದಲ್ಲಿ 2.35 ಕೋಟಿ ಪೌಂಡ್ ಕೊಟ್ಟರೆ ಬಿಡುಗಡೆ ಎಂಬ ಷರತ್ತಿತ್ತು, ಅದರ ಗಡುವು ಬೇಸಿಗೆಯ ನಡುವೆಯೇ ಮುಗಿಯುತ್ತಿತ್ತು. ಆಟಗಾರ ಮೋಯೆಸ್‌ಗೆ ಚೆನ್ನಾಗಿ ಗೊತ್ತಿದ್ದವರೇ. ಆದರೂ ಗಡುವು ದಾಟಿ, ಖರೀದಿಯ ಅವಧಿಯ ಕಟ್ಟಕಡೆಯ ದಿನ 2.75 ಕೋಟಿ ಪೌಂಡ್ ಕೊಟ್ಟು ಅವರನ್ನು ತರಲಾಯಿತು.

ತಂಡದ ವಯಸ್ಸಿನ ವಿಚಾರ ಇನ್ನೂ ಗಂಭೀರವಾದದ್ದು. ಆ ಕೊನೆಯ ಪ್ರಶಸ್ತಿಯ ಹೊತ್ತಿಗೆ ರಯಾನ್ ಗಿಗ್ಸ್‌ಗೆ 39 ವರ್ಷ, ಪಾಲ್ ಸ್ಕೋಲ್ಸ್‌ಗೆ 38, ರಿಯೊ ಫರ್ಡಿನಾಂಡ್‌ಗೆ 34, ಪ್ಯಾಟ್ರಿಸ್ ಎವ್ರಾಗೆ 32, ನೆಮಾನ್ಯಾ ವಿಡಿಚ್‌ಗೆ 31. ಹಿಂದಿನ ವರ್ಷ ಆರ್ಸೆನಲ್‌ನಿಂದ ಕೊಂಡು ತಂದು, ಲೀಗ್‌ನಲ್ಲಿ 26 ಗೋಲು ಹೊಡೆದು ಪ್ರಶಸ್ತಿ ತಂದುಕೊಟ್ಟ ರಾಬಿನ್ ವಾನ್ ಪೆರ್ಸಿ ಮೂವತ್ತರ ಹೊಸ್ತಿಲಲ್ಲಿದ್ದರು. ಕ್ಲಬ್ಬುಗಳಲ್ಲಿ ಆಟಗಾರರ ಪಟ್ಟಿಯನ್ನು ವಯಸ್ಸಿನ ಪ್ರಕಾರ ಸಾಲುಗಟ್ಟಿಸಿ, ಯಾವ ಸ್ಥಾನಕ್ಕೆ ಯಾವ ವರ್ಷ ಹೊಸಬರು ಬೇಕಾಗುತ್ತಾರೆ ಎಂದು ಮೂರು ನಾಲ್ಕು ವರ್ಷ ಮುಂಚೆಯೇ ಗುರುತು ಹಾಕಿಕೊಳ್ಳುವುದುಂಟು. ಒಂದೇ ಬಾರಿಗೆ ಇಡೀ ರಕ್ಷಣಾ ಸಾಲು ಮುಪ್ಪಾದರೆ, ಬರುವ ಮ್ಯಾನೇಜರ್ ಯಾರೇ ಆಗಿರಲಿ, ಗೆಲ್ಲುತ್ತಲೇ ತಂಡವನ್ನು ಕಟ್ಟಬೇಕಾದ ಇಕ್ಕಟ್ಟಿಗೆ ಬೀಳುತ್ತಾರೆ. ಯುನೈಟೆಡ್ ಮೋಯೆಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟು ಅದನ್ನೇ ದೀರ್ಘಾವಧಿ ಯೋಜನೆಯೆಂದು ತಿಳಿದಂತಿತ್ತು. ಹತ್ತು ತಿಂಗಳಿಗೆ, 2014ರ ಏಪ್ರಿಲ್ 22ರಂದು, ಅವರನ್ನು ತೆಗೆಯಲಾಯಿತು.

ಅಲ್ಲಿಂದ ಮುಂದಿನ ಸಾಲನ್ನು ನೋಡಿದರೆ ಸಂಕಟವಾಗುತ್ತದೆ. ಚೆಂಡನ್ನು ಕೈಬಿಡದೆ ನಿಧಾನವಾಗಿ ಆಡಿಸುವ ಲೂಯಿ ವಾನ್ ಗಾಲ್, ಎದುರಾಳಿಗೆ ಚೆಂಡು ಬಿಟ್ಟುಕೊಟ್ಟು ಪ್ರತಿದಾಳಿಗೆ ಕಾಯುವ ಜೋಸೆ ಮೊರಿನ್ಯೊ, ಕ್ಲಬ್ಬಿನ ಹಳೆಯ ಆಟಗಾರ ಓಲೆ ಗುನ್ನಾರ್ ಸೋಲ್ಶಾರ್, ಅಲ್ಪಕಾಲಕ್ಕೆ ಬಂದ ರಾಲ್ಫ್ ರಾಂಗ್ನಿಕ್, ನೆದರ್ಲೆಂಡ್ಸಿನ ಎರಿಕ್ ಟೆನ್ ಹಾಗ್, ಮೂವರು ಡಿಫೆಂಡರ್‌ಗಳ ವಿನ್ಯಾಸವನ್ನೇ ನೆಚ್ಚಿದ ರೂಬೆನ್ ಅಮೊರಿಮ್ ಹೀಗೆ ಒಬ್ಬರ ಆಟಕ್ಕೂ ಮತ್ತೊಬ್ಬರ ಆಟಕ್ಕೂ ನಂಟಿಲ್ಲ. 2014ರಲ್ಲಿ ಸುಮಾರು 6 ಕೋಟಿ ಪೌಂಡ್ ಕೊಟ್ಟು ತಂದ ಆಂಹೆಲ್ ಡಿ ಮರಿಯಾ ಒಂದೇ ವರ್ಷಕ್ಕೆ ಪ್ಯಾರಿಸ್‌ಗೆ ಮಾರಾಟವಾದರು. 2012ರಲ್ಲಿ ಕ್ಲಬ್ ತನ್ನ ಅಂಗಳದಲ್ಲೇ ಬೆಳೆದ ಪಾಲ್ ಪೊಗ್ಬಾ ಅವರನ್ನು ವರ್ಗಾವಣೆಯ ಹಣ ಪಡೆಯದೆ ಕಳೆದುಕೊಂಡು, 2016ರಲ್ಲಿ 8.9 ಕೋಟಿ ಪೌಂಡ್ ಕೊಟ್ಟು ಮರಳಿ ಕೊಂಡು, 2022ರಲ್ಲಿ ಮತ್ತೆ ಹಣ ಪಡೆಯದೆ ಬಿಟ್ಟುಕೊಟ್ಟಿತು. ಆಟಗಾರರ ಖರೀದಿ ಮತ್ತು ಯೋಜನೆ ನೋಡಿಕೊಳ್ಳುವ ಫುಟ್‌ಬಾಲ್ ನಿರ್ದೇಶಕ ಎಂಬ ಹುದ್ದೆಗೆ ಅಲ್ಲಿ ಮೊದಲ ಬಾರಿಗೆ ಒಬ್ಬರನ್ನು ನೇಮಿಸಿದ್ದು 2021ರಲ್ಲಿ, ಅಂದರೆ ಫರ್ಗ್ಯುಸನ್ ಹೋಗಿ ಎಂಟು ವರ್ಷಗಳ ನಂತರ.

ಇಂಥ ತಿರುವುಮುರುವುಗಳ ಬೆಲೆ ಏಕೆ ಇಷ್ಟು ದುಬಾರಿ ಎಂಬುದು ಲೆಕ್ಕಪತ್ರದ ಒಂದು ಪದ್ಧತಿಯಿಂದ ತಿಳಿಯುತ್ತದೆ. ಒಬ್ಬ ಆಟಗಾರನನ್ನು 5 ಕೋಟಿ ಪೌಂಡ್‌ಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ, ಆ ಖರ್ಚನ್ನು ವರ್ಷಕ್ಕೆ 1 ಕೋಟಿಯಂತೆ ಹಂಚಿ ಪುಸ್ತಕಕ್ಕೆ ಹಾಕುತ್ತಾರೆ. ಎರಡು ವರ್ಷದ ಬಳಿಕ ಬಂದ ಹೊಸ ಕೋಚ್‌ಗೆ ಆ ಆಟಗಾರ ಬೇಡವೆನಿಸಿದರೆ ಪುಸ್ತಕದಲ್ಲಿ ಇನ್ನೂ 3 ಕೋಟಿಯ ಮೌಲ್ಯ ಬಾಕಿಯಿರುತ್ತದೆ. ಬೇಡವಾದವನೆಂದು ಊರಿಗೆಲ್ಲ ಗೊತ್ತಾದ ಆಟಗಾರನಿಗೆ ಒಳ್ಳೆಯ ಬೆಲೆ ಯಾರೂ ಕೊಡುವುದಿಲ್ಲ. 2 ಕೋಟಿಗೆ ಮಾರಿದರೆ ಉಳಿದ 1 ಕೋಟಿಯನ್ನು ಅದೇ ವರ್ಷ ನಷ್ಟವೆಂದು ತೋರಿಸಬೇಕು. ಕ್ಲಬ್ಬುಗಳ ಹಣಕಾಸಿಗೆ ಲೀಗ್‌ನಲ್ಲೇ ಮಿತಿಗಳಿರುವುದರಿಂದ, ಆ ನಷ್ಟ ಮುಂದಿನ ಖರೀದಿಯ ಕೈಯನ್ನೂ ಕಟ್ಟಿಹಾಕುತ್ತದೆ. ಖರ್ಚನ್ನು ಏಳೆಂಟು ವರ್ಷಕ್ಕೆ ಹಂಚಿ ಮಿತಿಯಿಂದ ನುಣುಚಿಕೊಳ್ಳುವ ದಾರಿಯನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಮತ್ತು ಪ್ರೀಮಿಯರ್ ಲೀಗ್ ಎರಡೂ 2023ರಲ್ಲಿ ಮುಚ್ಚಿ, ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದವು. ಮೂಲ ತೊಡಕು ಇಷ್ಟೆ: ಆಟಗಾರರ ಒಪ್ಪಂದ ನಾಲ್ಕೈದು ವರ್ಷದ್ದು, ಈಗಿನ ಕಾಲದ ಕೋಚ್‌ಗಳ ಆಯುಷ್ಯ ಬಹುತೇಕ ಕಡೆ ಅದರ ಅರ್ಧವೂ ಇಲ್ಲ. ಹಾಗಾಗಿ ಆಟಗಾರರನ್ನು ಕೋಚ್‌ನ ಅಭಿರುಚಿಗೆ ತಕ್ಕಂತೆ ಕೊಳ್ಳುವ ಕ್ಲಬ್, ಇರದವರ ಅಭಿರುಚಿಗೆ ಮುಂದಿನ ಮೂರು ವರ್ಷ ಹಣ ತೆರುತ್ತಿರುತ್ತದೆ.

ನಿರ್ಗಮಿಸಿದವರ ನೆರಳಿನ ಸಮಸ್ಯೆಯೂ ಇದೆ, ಅದು ಯುನೈಟೆಡ್‌ಗೆ ಹೊಸದಲ್ಲ. 1968ರಲ್ಲಿ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಗೆದ್ದ ಮ್ಯಾಟ್ ಬಸ್ಬಿ 1969ರಲ್ಲಿ ತಂಡದ ಹೊಣೆಯನ್ನು ಯುವಕ ವಿಲ್ಫ್ ಮೆಕ್‌ಗಿನೆಸ್ ಅವರಿಗೆ ಒಪ್ಪಿಸಿ ತಾವು ಜನರಲ್ ಮ್ಯಾನೇಜರ್ ಆಗಿ ಅಲ್ಲೇ ಉಳಿದರು. ಆಟಗಾರರಿಗೆ ಬೇಸರವಾದರೆ ಯಾರ ಬಾಗಿಲು ತಟ್ಟಬೇಕೆಂಬುದು ಅಲ್ಲಿಗೆ ನಿರ್ಧಾರವಾದಂತೆಯೇ. 1970ರ ಡಿಸೆಂಬರ್‌ನಲ್ಲಿ ಮೆಕ್‌ಗಿನೆಸ್ ಹೋಗಿ ಬಸ್ಬಿಯೇ ಮರಳಬೇಕಾಯಿತು, 1974ರಲ್ಲಿ ಕ್ಲಬ್ ಎರಡನೆಯ ದರ್ಜೆಗೆ ಇಳಿಯಿತು. ಫರ್ಗ್ಯುಸನ್ ಕೂಡ ನಿವೃತ್ತಿಯ ನಂತರ ನಿರ್ದೇಶಕರಾಗಿ ಪಂದ್ಯ ಪಂದ್ಯಕ್ಕೂ ಗ್ಯಾಲರಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಅವರು ಏನೂ ಮಾಡದೆ ಸುಮ್ಮನೆ ಕೂತಿದ್ದರೂ, ತಂಡ ಸೋತ ದಿನ ದೂರದರ್ಶನದ ಕ್ಯಾಮೆರಾ ಅವರ ಮುಖವನ್ನೇ ಹುಡುಕುತ್ತಿತ್ತು.

ಇದೇ ನೆರಳನ್ನು ಎದುರಿಸಿಯೂ ಗೆದ್ದ ಕ್ಲಬ್ ಲಿವರ್‌ಪೂಲ್. 1959ರ ಡಿಸೆಂಬರ್‌ನಲ್ಲಿ ಬಂದ ಬಿಲ್ ಶ್ಯಾಂಕ್ಲಿ, ಎರಡನೆಯ ದರ್ಜೆಯಲ್ಲಿದ್ದ ತಂಡವನ್ನು ಮೇಲೆತ್ತಿ ಮೂರು ಲೀಗ್ ಪ್ರಶಸ್ತಿ ಗೆದ್ದುಕೊಟ್ಟು, 1974ರ ಜುಲೈನಲ್ಲಿ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ರಾಜೀನಾಮೆ ಕೊಟ್ಟರು. ಕೆಲಕಾಲ ಅವರು ಅಭ್ಯಾಸದ ಮೈದಾನಕ್ಕೆ ಬರುತ್ತಲೇ ಇದ್ದರು, ಆಟಗಾರರು ಅವರನ್ನೇ 'ಬಾಸ್' ಎಂದು ಕರೆಯುತ್ತಿದ್ದರು. ಅವರ ಸಹಾಯಕರಾಗಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ಹುದ್ದೆ ಒಪ್ಪಿದ್ದ ಬಾಬ್ ಪೇಸ್ಲಿಯವರ ಮೊದಲ ವರ್ಷ ಯಾವ ಪ್ರಮುಖ ಪ್ರಶಸ್ತಿಯೂ ಬರಲಿಲ್ಲ. ಅನಂತರದ ಎಂಟು ವರ್ಷಗಳಲ್ಲಿ ಅವರು ಆರು ಲೀಗ್ ಪ್ರಶಸ್ತಿ ಮತ್ತು ಮೂರು ಯುರೋಪಿಯನ್ ಕಪ್ ಗೆದ್ದರು. 1983ರಲ್ಲಿ ಅವರು ನಿವೃತ್ತರಾದಾಗ ಮತ್ತೊಬ್ಬ ಸಹಾಯಕ ಜೋ ಫಾಗನ್ ಬಂದು ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು.

ಇದರ ಹಿಂದಿದ್ದದ್ದು ಆನ್‌ಫೀಲ್ಡ್ ಮೈದಾನದ ಒಂದು ಕಿಷ್ಕಿಂಧೆಯಂಥ ಕೋಣೆ, ಬೂಟುಗಳನ್ನು ಇಡುವ 'ಬೂಟ್ ರೂಮ್'. ಶ್ಯಾಂಕ್ಲಿಯವರ ಸಹಾಯಕರಾದ ಪೇಸ್ಲಿ, ಫಾಗನ್, ರೂಬೆನ್ ಬೆನೆಟ್, ರಾನಿ ಮೊರಾನ್ ಅಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಆಯಾ ವಾರದ ಆಟವನ್ನು ಚರ್ಚಿಸುತ್ತಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ಕೋಚ್‌ಗಳನ್ನೂ ಕರೆದು ಕೂರಿಸಿ ಮಾತನಾಡಿಸುತ್ತಿದ್ದರು. ಪ್ರತಿದಿನದ ಅಭ್ಯಾಸ, ಗಾಯಗಳು, ಹವೆಯ ಸ್ಥಿತಿ ಎಲ್ಲವನ್ನೂ ಪುಸ್ತಕಗಳಲ್ಲಿ ಬರೆದಿಡುವ ರೂಢಿಯಿತ್ತು. ಆಟಗಾರರು ನವೆಂಬರ್‌ನಲ್ಲಿ ಬಳಲಿದಂತೆ ಕಂಡರೆ ಹಿಂದಿನ ವರ್ಷಗಳ ನವೆಂಬರ್‌ನಲ್ಲಿ ಏನು ಮಾಡಿದ್ದೆವೆಂದು ತೆರೆದು ನೋಡಬಹುದಿತ್ತು. ಇಲ್ಲಿ ಉತ್ತರಾಧಿಕಾರಿಯನ್ನು ಹೊರಗೆ ಹುಡುಕುವ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಮುಂದೆ ಬರಬೇಕಾದವರು ಹದಿನೈದು ವರ್ಷಗಳಿಂದ ಅದೇ ಕೋಣೆಯಲ್ಲಿ ಕೂತು ಪಾಠ ಕೇಳಿದ್ದರು, ಪಾಠ ಹೇಳಿಯೂ ಇದ್ದರು.

ಆದರೆ ಒಳಗಿನಿಂದಲೇ ಬೆಳೆಸುವ ಈ ಕ್ರಮಕ್ಕೂ ಮಿತಿಯಿದೆ. 1991ರ ಫೆಬ್ರುವರಿಯಲ್ಲಿ ಅಂದಿನ ಮ್ಯಾನೇಜರ್ ಕೆನಿ ಡಾಲ್ಗ್ಲಿಶ್ ಹಠಾತ್ತನೆ ರಾಜೀನಾಮೆ ಕೊಟ್ಟರು. ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸತ್ತ 1989ರ ಹಿಲ್ಸ್‌ಬರೊ ಕ್ರೀಡಾಂಗಣದ ದುರಂತದ ನಂತರ ಎರಡು ವರ್ಷ ಅವರು ಹೊತ್ತ ಭಾರವನ್ನು ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಳೆಯ ನಾಯಕ ಗ್ರೇಮ್ ಸೂನೆಸ್ ಬಂದು ಹಿರಿಯ ಆಟಗಾರರನ್ನು ಬಹುಬೇಗ ಹೊರಕಳಿಸಿದರು. 1993ರಲ್ಲಿ ಬೂಟ್ ರೂಮನ್ನು ಕೆಡವಿ ಪತ್ರಕರ್ತರ ಕೊಠಡಿ ಕಟ್ಟಲಾಯಿತು. ಆ ಗೋಡೆ ಬಿದ್ದದ್ದೇ ಅವನತಿಯ ಕಾರಣವೆಂಬ ಮಾತು ಪ್ರಚಲಿತವಾಗಿದೆ, ಆದರೆ ನನಗೆ ಅದು ಲಕ್ಷಣವಾಗಿ ಕಾಣುತ್ತದೆಯೇ ಹೊರತು ಕಾರಣವಾಗಿ ಅಲ್ಲ. ಬೂಟ್ ರೂಮಿನಲ್ಲಿ ಬೆಳೆದ ರಾಯ್ ಇವಾನ್ಸ್ 1994ರಿಂದ ನಾಲ್ಕು ವರ್ಷ ಮ್ಯಾನೇಜರ್ ಆಗಿದ್ದರೂ ಲೀಗ್ ಪ್ರಶಸ್ತಿ ಬರಲಿಲ್ಲ. ಆಹಾರ, ದೇಹದಾರ್ಢ್ಯ, ವಿದೇಶಿ ಆಟಗಾರರ ಹುಡುಕಾಟ ಎಲ್ಲದರಲ್ಲೂ ಹೊರಗಿನ ಜಗತ್ತು ಮುಂದೆ ಹೋಗಿತ್ತು. ಒಳಗಿನವರಿಂದ ಒಳಗಿನವರಿಗೇ ದಾಟುವ ವಿದ್ಯೆ, ಯಾರೂ ಪ್ರಶ್ನಿಸದೆ ಹೋದಾಗ, ನಿಂತ ನೀರಾಗುತ್ತದೆ. 1990ರ ನಂತರ ಲಿವರ್‌ಪೂಲ್ ಮತ್ತೆ ಲೀಗ್ ಗೆಲ್ಲಲು ಮೂವತ್ತು ವರ್ಷ ಹಿಡಿಯಿತು.

ಇಂದಿನ ಕ್ಲಬ್ಬುಗಳು ಬೂಟ್ ರೂಮಿನ ಕೆಲಸವನ್ನು ಸ್ಪೋರ್ಟಿಂಗ್ ಡೈರೆಕ್ಟರ್ ಎಂಬ ಹುದ್ದೆಗೆ, ಅವರ ಕೈಕೆಳಗಿನ ಶೋಧನಾ ಮತ್ತು ದತ್ತಾಂಶ ವಿಭಾಗಗಳಿಗೆ ಒಪ್ಪಿಸಿವೆ. ಜರ್ಮನಿ, ಇಟಲಿ, ಸ್ಪೇನ್‌ಗಳಲ್ಲಿ ಇದು ಹಳೆಯ ಪದ್ಧತಿ. ತಂಡ ಯಾವ ಬಗೆಯ ಆಟ ಆಡಬೇಕು, ಯಾವ ವಯಸ್ಸಿನವರನ್ನು ಕೊಳ್ಳಬೇಕು, ಯಾರನ್ನು ಯಾವಾಗ ಮಾರಬೇಕು ಎಂಬುದನ್ನು ಈ ನಿರ್ದೇಶಕರು ನಿರ್ಧರಿಸುತ್ತಾರೆ. ಕೋಚ್ ಆ ಚೌಕಟ್ಟಿನೊಳಗೆ ತಂಡವನ್ನು ಅಣಿಗೊಳಿಸುತ್ತಾರೆ. ಕೋಚ್‌ನ ಅಧಿಕಾರ ಕುಗ್ಗುವುದು ನಿಜ, ಅದನ್ನು ಒಪ್ಪದೆ ಜಗಳವಾಡಿ ಹೋದವರೂ ಇದ್ದಾರೆ. ಲಾಭವೆಂದರೆ ಕೋಚ್ ಹೋದಾಗ ಕ್ಲಬ್ ಮತ್ತೆ ಅ ಆ ಇ ಈ ಯಿಂದ ಶುರು ಮಾಡಬೇಕಿಲ್ಲ. ಬ್ರೈಟನ್ ಕ್ಲಬ್ ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಸೆಪ್ಟೆಂಬರ್ 8ರಂದು ಅದರ ಕೋಚ್ ಗ್ರಹಾಂ ಪಾಟರ್ ತಮ್ಮ ಸಹಾಯಕರೊಂದಿಗೆ ಚೆಲ್ಸಿಗೆ ಹೋದರು, ಹತ್ತು ದಿನದಲ್ಲಿ ಇಟಲಿಯ ರೊಬೆರ್ತೊ ಡಿ ಝೆರ್ಬಿ ಆ ಜಾಗದಲ್ಲಿದ್ದರು. ಆ ಸೀಸನ್‌ನಲ್ಲೇ ಬ್ರೈಟನ್ ಆರನೆಯ ಸ್ಥಾನ ಗಳಿಸಿ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು. ಇರುವ ಕೋಚ್ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಮುಂದಿನವರ ಪಟ್ಟಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು ವಿಶ್ವಾಸದ್ರೋಹವಲ್ಲ, ಅದೂ ದಿನನಿತ್ಯದ ಕೆಲಸವೇ ಎಂದು ಆ ಕ್ಲಬ್ ತಿಳಿದಿದೆ. ಬ್ರೆಂಟ್‌ಫರ್ಡ್ ಮತ್ತೊಂದು ದಾರಿ ಹಿಡಿಯಿತು: 2018ರಲ್ಲಿ ಸಹಾಯಕರಾಗಿದ್ದ ಥಾಮಸ್ ಫ್ರಾಂಕ್ ಅವರಿಗೆ ಬಡ್ತಿ ಕೊಟ್ಟಂತೆ, 2025ರಲ್ಲಿ ಫ್ರಾಂಕ್ ಹೊರಟಾಗ ಸೆಟ್‌ಪೀಸ್ (ಕಾರ್ನರ್, ಫ್ರೀ ಕಿಕ್‌ಗಳಂಥ ಸಂದರ್ಭಗಳ) ಕೋಚ್ ಆಗಿದ್ದ ಕೀತ್ ಆಂಡ್ರ್ಯೂಸ್ ಅವರನ್ನು ಮುಖ್ಯ ಕೋಚ್ ಮಾಡಿತು.

ಲಿವರ್‌ಪೂಲ್ 2024ರಲ್ಲಿ ಈ ಪರೀಕ್ಷೆಗೆ ಮತ್ತೆ ಒಳಗಾಯಿತು. ಯುರ್ಗನ್ ಕ್ಲಾಪ್ ಸೀಸನ್ನಿನ ಕೊನೆಗೆ ಹೊರಡುವುದಾಗಿ ಜನವರಿ 26ರಂದೇ ಪ್ರಕಟಿಸಿದರು. ಮುಂಚಿತವಾಗಿ ಹೇಳುವುದರಲ್ಲಿ ಅಪಾಯವಿದೆ. ಫರ್ಗ್ಯುಸನ್ ಕೂಡ 2001ರಲ್ಲಿ ಮುಂದಿನ ವರ್ಷದ ನಿವೃತ್ತಿಯನ್ನು ಪ್ರಕಟಿಸಿ, ತಂಡ ತಡವರಿಸಿದ ಮೇಲೆ 2002ರ ಫೆಬ್ರುವರಿಯಲ್ಲಿ ನಿರ್ಧಾರ ಬದಲಿಸಿದ್ದರು. ಕ್ಲಾಪ್ ಪ್ರಕಟಣೆಯ ಹೊತ್ತಿಗೆ ಅಗ್ರಸ್ಥಾನದಲ್ಲಿದ್ದ ಲಿವರ್‌ಪೂಲ್ ಆ ವರ್ಷ ಮೂರನೆಯದಾಗಿ ಮುಗಿಸಿತು. ಆದರೆ ಕ್ಲಬ್ಬಿಗೆ ನಾಲ್ಕು ತಿಂಗಳ ಕಾಲಾವಕಾಶ ಸಿಕ್ಕಿತು. ಹಿಂದೆ ಸ್ಪೋರ್ಟಿಂಗ್ ಡೈರೆಕ್ಟರ್ ಆಗಿದ್ದ ಮೈಕೆಲ್ ಎಡ್ವರ್ಡ್ಸ್ ಮಾರ್ಚ್‌ನಲ್ಲಿ ಮಾಲೀಕ ಸಂಸ್ಥೆಗೆ ಮರಳಿದರು, ರಿಚರ್ಡ್ ಹ್ಯೂಸ್ ಅವರನ್ನು ಹೊಸ ನಿರ್ದೇಶಕರಾಗಿ ತಂದರು, ಆಮೇಲೆ ಫೆಯೆನೂರ್ಡ್ ಕ್ಲಬ್ಬಿನ ಆರ್ನೆ ಸ್ಲಾಟ್ ಅವರನ್ನು ಆರಿಸಿದರು. ಮೊದಲು ಯೋಜಿಸುವವರು, ನಂತರ ಕೋಚ್ ಎಂಬ ಈ ಅನುಕ್ರಮ 2013ರ ಯುನೈಟೆಡ್‌ನ ಅನುಕ್ರಮಕ್ಕೆ ತದ್ವಿರುದ್ಧ. ವಿದಾಯದ ದಿನ ಕ್ಲಾಪ್ ಮೈದಾನದ ನಡುವೆ ನಿಂತು ಸ್ಲಾಟ್ ಹೆಸರನ್ನು ತಾವೇ ಹಾಡಿ ಅಭಿಮಾನಿಗಳಿಂದಲೂ ಹಾಡಿಸಿದರು. ಹೋಗುವವರು ತಮ್ಮ ನೆರಳನ್ನು ತಾವೇ ಮಡಚಿಕೊಂಡು ಹೋದದ್ದನ್ನು ನಾನು ಬೇರೆಲ್ಲೂ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಆ ಬೇಸಿಗೆಯಲ್ಲಿ ತಂಡಕ್ಕೆ ಸೇರಿದ ಹೊಸ ಆಟಗಾರ ಫೆಡೆರಿಕೊ ಕಿಯೆಸಾ ಒಬ್ಬರೇ, ಆದರೂ 2025ರ ಏಪ್ರಿಲ್‌ನಲ್ಲಿ ಲೀಗ್ ಪ್ರಶಸ್ತಿ ಬಂತು. ಮರುಬೇಸಿಗೆಯಲ್ಲಿ ಭಾರಿ ಹಣ ಸುರಿದು ಹಲವರನ್ನು ಒಟ್ಟಿಗೆ ತಂದಾಗ ತಂಡ ಸೋಲಿನ ಮೇಲೆ ಸೋಲು ಕಂಡಿತು. ಕೋಚ್ ಬದಲಾವಣೆಗಿಂತ ತಂಡದ ಬದಲಾವಣೆ ಹೆಚ್ಚು ಜೀರ್ಣವಾಗದ್ದು ಎಂದು ಇದರಿಂದ ಅನ್ನಿಸುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದು ಚೆಲ್ಸಿ. 2003ರಿಂದ 2022ರವರೆಗೆ ರೋಮನ್ ಅಬ್ರಮೊವಿಚ್ ಮಾಲೀಕತ್ವದಲ್ಲಿ ಆ ಕ್ಲಬ್ ಮ್ಯಾನೇಜರ್‌ಗಳನ್ನು ಮೇಲಿಂದ ಮೇಲೆ ಬದಲಿಸಿತು, ಐದು ಬಾರಿ ಪ್ರೀಮಿಯರ್ ಲೀಗನ್ನೂ ಎರಡು ಬಾರಿ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. 2012ರ ಚಾಂಪಿಯನ್ಸ್ ಲೀಗ್ ಬಂದದ್ದು ಹಂಗಾಮಿ ಕೋಚ್ ರೊಬೆರ್ತೊ ಡಿ ಮತ್ತೆಯೊ ಕೈಯಲ್ಲಿ. ಹಾಗಾದರೆ ಸ್ಥಿರತೆ ಬೇಕೇ? ಆ ವರ್ಷದ ಫೈನಲ್ ಆಡಿದ ಪೆಟ್ರ್ ಚೆಕ್, ಆಶ್ಲಿ ಕೋಲ್, ಫ್ರಾಂಕ್ ಲ್ಯಾಂಪಾರ್ಡ್, ಡಿಡಿಯೆ ದ್ರೊಗ್ಬಾ, ಶಿಕ್ಷೆಯಿಂದಾಗಿ ಹೊರಗುಳಿದ ನಾಯಕ ಜಾನ್ ಟೆರಿ ಇವರೆಲ್ಲ ಐದಾರು ವರ್ಷಕ್ಕೂ ಹೆಚ್ಚು ಕಾಲ ಜೊತೆಗೆ ಆಡಿದವರು. ಅಲ್ಲಿ ಸ್ಥಿರತೆ ಆಟಗಾರರ ಕೊಠಡಿಯಲ್ಲಿತ್ತು, ಮಾಲೀಕರ ಹಣ ಉಳಿದ ತಪ್ಪುಗಳನ್ನು ಮುಚ್ಚುತ್ತಿತ್ತು. ಅಂಥ ಹಣ ಎಲ್ಲ ಕ್ಲಬ್ಬುಗಳ ಬಳಿಯೂ ಇರುವುದಿಲ್ಲ.

ನಮ್ಮ ಬೆಂಗಳೂರಿನಲ್ಲೂ ಇದರ ಒಂದು ಅಧ್ಯಾಯ ನಡೆದಿದೆ. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ, ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ಆ ವರ್ಷ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು, ತಂಡ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2018ರಲ್ಲಿ ರೋಕಾ ಹೊರಟಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರಿಗೇ ಹೊಣೆ ಒಪ್ಪಿಸಲಾಯಿತು, ಆ ಸೀಸನ್ನಿನಲ್ಲೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ಬಂತು. ಸುನೀಲ್ ಛೆಟ್ರಿಯಂಥ ನಾಯಕ ಮೊದಲ ದಿನದಿಂದಲೂ ಜೊತೆಗಿದ್ದದ್ದು, ಆಟದ ಕ್ರಮ ಕದಲದೆ ಉಳಿದದ್ದು ಅದಕ್ಕೆ ನೆರವಾಯಿತು. 2021ರ ಜನವರಿಯಲ್ಲಿ ಕ್ವಾದ್ರಾತ್ ಅವರನ್ನು ಬಿಟ್ಟುಕೊಟ್ಟ ಮೇಲೆ ಜರ್ಮನಿಯ ಮಾರ್ಕೊ ಪೆಝೈವೊಲಿ, ಇಂಗ್ಲೆಂಡಿನ ಸೈಮನ್ ಗ್ರೇಸನ್, ಸ್ಪೇನ್‌ನ ಜೆರಾರ್ಡ್ ಝರಗೋಝ ಬಂದರು. 2022ರ ಡ್ಯುರಾಂಡ್ ಕಪ್ ಮತ್ತು ಎರಡು ಐಎಸ್‌ಎಲ್ ಫೈನಲ್‌ಗಳ ಹೊರತಾಗಿಯೂ ಮೊದಲಿನ ಸರಾಗ ಓಟ ಮರಳಲಿಲ್ಲ.

ಇಂಗ್ಲೆಂಡಿನ ಕ್ಲಬ್ಬುಗಳು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲದ ಸಮಸ್ಯೆಯೊಂದು ಇಲ್ಲಿದೆ. ಅಲ್ಲಿ ಮುಂದಿನ ಆಗಸ್ಟ್‌ನಲ್ಲಿ ಲೀಗ್ ಶುರುವಾಗುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ 2025ರ ಜುಲೈನಲ್ಲಿ, ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗದೆ, ಸೀಸನ್ನನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಬೇಕಾಯಿತು. ಅದೇ ಪ್ರಕಟಣೆಯಲ್ಲಿ ಕ್ಲಬ್ ಮತ್ತೊಂದು ಮಾತನ್ನೂ ಹೇಳಿತ್ತು: ಕಿರಿಯರ ತಂಡಗಳ ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳ ಕೆಲಸ ಎಂದಿನಂತೆ ನಡೆಯುತ್ತದೆ.